ಪದವಿಯಿಲ್ಲದ ಸಂಶೋಧನಾ ವಿದ್ಯಾರ್ಥಿ: ಮದರಾಸಿನಿಂದ ಕೇಂಬ್ರಿಜ್‌ಗೆ ಶ್ರೀನಿವಾಸ ರಾಮಾನುಜನ್

ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನ. ಬೋಧನಾಭ್ಯಾಸಕ್ಕೆಂದು ಹೋದ ಶಾಲೆಗಳಲ್ಲಿ ಆ ದಿನ ನಮ್ಮ ಪ್ರಶಿಕ್ಷಣಾರ್ಥಿಗಳು ಮಾಡುವ ಭಾಷಣಗಳಲ್ಲಿ ಮೂರು ಸಂಗತಿಗಳು ತಪ್ಪದೆ ಬರುತ್ತವೆ. ಟ್ಯಾಕ್ಸಿಯ ಸಂಖ್ಯೆ 1729, ಕನಸಿನಲ್ಲಿ ಬಂದ ನಾಮಗಿರಿ ತಾಯಿ, ಪರೀಕ್ಷೆಯಲ್ಲಿ ಫೇಲಾದ ಮೇಧಾವಿ. ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮಕ್ಕಳು ಅದನ್ನು ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಶಿಕ್ಷಕರಾಗಲಿರುವವರಿಗೆ ಅದರಿಂದ ಸಿಗುವುದು ಕಡಿಮೆ. ಪದವಿಯೇ ಇಲ್ಲದ ಒಬ್ಬ ಗುಮಾಸ್ತರನ್ನು ಒಂದು ವಿಶ್ವವಿದ್ಯಾಲಯ ಸಂಶೋಧನಾ ವಿದ್ಯಾರ್ಥಿಯನ್ನಾಗಿ ಹೇಗೆ ಸೇರಿಸಿಕೊಂಡಿತು, ಮುಂದಿನ ವರ್ಷವೇ ಅವರನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೆ ತನ್ನ ಹಣದಲ್ಲೇ ಏಕೆ ಕಳಿಸಿಕೊಟ್ಟಿತು, ಆ ಸ್ಥಳಾಂತರದಲ್ಲಿ ಏನು ದಕ್ಕಿತು, ಏನು ಹೋಯಿತು ಎಂಬುದು ಭಾಷಣಗಳಲ್ಲಿ ಬರುವುದಿಲ್ಲ. ಈ ಲೇಖನದ ವಿಷಯ ಅದು.

ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ತಾಯಿ ಕೋಮಲತ್ತಮ್ಮಾಳ್. 1897ರ ಪ್ರಾಥಮಿಕ ಪರೀಕ್ಷೆಯಲ್ಲಿ ಹುಡುಗ ತಂಜಾವೂರು ಜಿಲ್ಲೆಗೇ ಮೊದಲು. ಹೈಸ್ಕೂಲಿನಲ್ಲಿದ್ದಾಗ, 1903ರ ಹೊತ್ತಿಗೆ, ಜಿ. ಎಸ್. ಕಾರ್ ಎಂಬುವರ ಒಂದು ಪುಸ್ತಕ ಕೈಗೆ ಸಿಕ್ಕಿತು. ಸುಮಾರು 5,000 ಫಲಿತಾಂಶಗಳನ್ನು ಸಾಲಾಗಿ ಪಟ್ಟಿ ಮಾಡಿದ ಪುಸ್ತಕ ಅದು. ಸಾಧನೆ ಇದ್ದರೆ ಒಂದೆರಡು ಸಾಲು, ಇಲ್ಲದಿದ್ದರೆ ಅದೂ ಇಲ್ಲ. ಇಂದಿನ ಗೈಡ್ ಪುಸ್ತಕಗಳ ಅಜ್ಜ ಎನ್ನಬಹುದು. ಗಣಿತ ಬರೆಯುವುದೆಂದರೆ ಹೀಗೆ, ಫಲಿತಾಂಶ ಹೇಳಿ ಮುಂದಕ್ಕೆ ಹೋಗುವುದು, ಎಂದು ಆ ವಯಸ್ಸಿನಲ್ಲಿ ಮನಸ್ಸಿಗೆ ಕೂತದ್ದು ಕೊನೆಯವರೆಗೂ ಪೂರ್ತಿ ಬಿಡಲಿಲ್ಲ. ಮೊದಲು ಕೈಗೆ ಬಂದ ಪುಸ್ತಕದ ಗುಣವೂ ದೋಷವೂ ಎರಡೂ ಓದುಗನಿಗೆ ಅಂಟುತ್ತವೆ.

1904ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದರು. ಗಣಿತವೊಂದನ್ನು ಬಿಟ್ಟು ಉಳಿದದ್ದನ್ನು ಓದಲಿಲ್ಲ. ಇಂಗ್ಲಿಷ್ ಪ್ರಬಂಧದಲ್ಲಿ ಫೇಲು, ವಿದ್ಯಾರ್ಥಿವೇತನ ನಿಂತಿತು. ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಹೋದರು, ಮರಳಿ ಬಂದರು. 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜು. ಎಫ್.ಎ. ಪರೀಕ್ಷೆಯಲ್ಲಿ ಎರಡು ಸಲ ಫೇಲು. ಶರೀರಶಾಸ್ತ್ರ ಅವರ ದೊಡ್ಡ ಶತ್ರು. ಇದನ್ನು ಹೇಳುವಾಗ ಪರೀಕ್ಷೆಯನ್ನೇ ಖಳನಾಯಕ ಮಾಡುವ ರೂಢಿ ನಮ್ಮಲ್ಲಿದೆ. ಓದದ ವಿಷಯದಲ್ಲಿ ಫೇಲು ಮಾಡಿದ ಪರೀಕ್ಷೆ ತನ್ನ ಕೆಲಸವನ್ನೇ ಮಾಡಿತು. ಕೊರತೆ ಇದ್ದದ್ದು ಬೇರೆ ಕಡೆ: ಆ ಪರೀಕ್ಷೆ ದಾಟದವನಿಗೆ ಮುಂದೆ ಇನ್ನೊಂದು ಬಾಗಿಲು ಇರಲಿಲ್ಲ.

ಇದು ದೂರದ ತಮಿಳು ಸೀಮೆಯ ಕಥೆ ಎಂದುಕೊಳ್ಳಬೇಕಾಗಿಲ್ಲ. ಆಗ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಬಳ್ಳಾರಿ ಜಿಲ್ಲೆಗೆ, ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿದ್ದವು. ಚಿಗಟೇರಿಯ ಹುಡುಗನೊಬ್ಬ ಮೆಟ್ರಿಕ್ ದಾಟಿ ಕಾಲೇಜು ಸೇರಿದ್ದರೆ ಅವನೂ ಬರೆಯಬೇಕಾಗಿದ್ದದ್ದು ಇದೇ ಮದರಾಸು ವಿಶ್ವವಿದ್ಯಾಲಯದ ಎಫ್.ಎ. ಪರೀಕ್ಷೆಯನ್ನೇ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಕೂಡ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಮದರಾಸಿಗೇ ಸೇರಿತ್ತು.

ಆ ಸೆಂಟ್ರಲ್ ಕಾಲೇಜಿನಿಂದಲೇ ರಾಮಾನುಜನ್ನರ ಮೊದಲ ಸಹಾಯ ಬಂತು. 1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬ ಡೆಪ್ಯುಟಿ ಕಲೆಕ್ಟರರು ಭಾರತೀಯ ಗಣಿತ ಸಂಘವನ್ನು ಕಟ್ಟಿದ್ದರು. ಅದರ ಪತ್ರಿಕೆಯ ಸಂಪಾದಕರು ಸೆಂಟ್ರಲ್ ಕಾಲೇಜಿನ ಗಣಿತದ ಅಧ್ಯಾಪಕ ಎಂ. ಟಿ. ನಾರಾಯಣ ಅಯ್ಯಂಗಾರ್. 1911ರಲ್ಲಿ ರಾಮಾನುಜನ್ ಬರ್ನೂಲಿ ಸಂಖ್ಯೆಗಳ ಬಗ್ಗೆ ಒಂದು ಲೇಖನ ಕಳಿಸಿದರು. ಸಂಪಾದಕರಿಗೆ ಹೊಸತನ ಕಂಡಿತು, ಸ್ಪಷ್ಟತೆ ಕಾಣಲಿಲ್ಲ. ಸಾಮಾನ್ಯ ಓದುಗರಿಗೆ ಇದು ದಕ್ಕುವುದಿಲ್ಲವೆಂದು ತಿದ್ದಲು ಹಿಂದಕ್ಕೆ ಕಳಿಸಿದರು. ತಿದ್ದಿ ಬಂತು, ಮತ್ತೆ ಹೋಯಿತು. ಬೆಂಗಳೂರಿಗೂ ಮದರಾಸಿಗೂ ನಡುವೆ ಹಸ್ತಪ್ರತಿ ಹಲವು ಸಲ ಓಡಾಡಿದ ಮೇಲೆ ಅಚ್ಚಾಯಿತು. ಹಾರ್ಡಿಯವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಎಸೆದುಬಿಡಬಹುದಾಗಿದ್ದ ಬರಹವನ್ನು ತಾಳ್ಮೆಯಿಂದ ತಿದ್ದಿಸಿದ ಈ ಬೆಂಗಳೂರಿನ ಅಧ್ಯಾಪಕರನ್ನು ನೆನೆಯುವವರು ಕಡಿಮೆ. ಪಾಠಯೋಜನೆಗಳ ಮೇಲೆ ಕೆಂಪು ಶಾಯಿ ಹಿಡಿದು ಕೂರುವ ನಮ್ಮಂಥವರಿಗೆ ಅವರೇ ಹತ್ತಿರದವರು.

ಅದೇ ಪತ್ರಿಕೆಯಲ್ಲಿ ಅದೇ ವರ್ಷ ರಾಮಾನುಜನ್ ಓದುಗರಿಗೆ ಒಂದು ಪ್ರಶ್ನೆ ಹಾಕಿದರು. 1ಕ್ಕೆ 2 ಸಲ ಒಂದು ವರ್ಗಮೂಲ ಸೇರಿಸಿ ವರ್ಗಮೂಲ ತೆಗೆಯಬೇಕು, ಆ ಒಳಗಿನ ವರ್ಗಮೂಲದಲ್ಲಿ 1ಕ್ಕೆ 3 ಸಲ ಮತ್ತೊಂದು ವರ್ಗಮೂಲ, ಅದರೊಳಗೆ 1ಕ್ಕೆ 4 ಸಲ ಇನ್ನೊಂದು, ಹೀಗೆ ಕೊನೆಯಿಲ್ಲದೆ. ಒಟ್ಟು ಬೆಲೆ ಎಷ್ಟು? ತಿಂಗಳುಗಳು ಕಳೆದರೂ ಯಾರೂ ಉತ್ತರ ಕಳಿಸಲಿಲ್ಲ. ಕೊನೆಗೆ ಅವರೇ ಕೊಟ್ಟರು: 3.

ಒಂಬತ್ತನೆಯ ತರಗತಿಯ ಕರಿಹಲಗೆಯ ಮೇಲೆ ಇದನ್ನು ಹತ್ತು ನಿಮಿಷದಲ್ಲಿ ತೋರಿಸಬಹುದು. 3 ಎಂದರೆ 9ರ ವರ್ಗಮೂಲ. 9 ಎಂದರೆ 1 + 2×4. ಆ 4 ಎಂದರೆ 16ರ ವರ್ಗಮೂಲ. 16 ಎಂದರೆ 1 + 3×5. ಆ 5 ಎಂದರೆ 25ರ ವರ್ಗಮೂಲ. 25 ಎಂದರೆ 1 + 4×6. ಸರಪಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಿಂದೆ ಕೆಲಸ ಮಾಡುವುದು ಮಕ್ಕಳಿಗೆ ಗೊತ್ತಿರುವ ನಿತ್ಯಸಮೀಕರಣವೇ: ಯಾವ ಸಂಖ್ಯೆಯ ವರ್ಗವೂ ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಗಳ ಗುಣಲಬ್ಧಕ್ಕೆ 1 ಕೂಡಿಸಿದಷ್ಟು.

ಇಲ್ಲಿಗೆ ನಿಲ್ಲಿಸಿದರೆ ಪಾಠ ಅರ್ಧವಾಯಿತು. ಜಾಣ ಹುಡುಗಿಯೊಬ್ಬಳು ಎದ್ದು ಹೀಗೆ ಕೇಳಿಯಾಳು: 4 ಎಂದರೂ 16ರ ವರ್ಗಮೂಲವೇ, 16 ಎಂದರೆ 1 + 2×7.5, ಆ 7.5 ಎಂದರೆ 56.25ರ ವರ್ಗಮೂಲ, ಅದನ್ನೂ 1 + 3 ಸಲ ಇನ್ನೊಂದು ಸಂಖ್ಯೆ ಎಂದು ಬರೆಯಬಹುದು. ಹಾಗಾದರೆ ಉತ್ತರ 4 ಏಕಲ್ಲ? ಒಳ್ಳೆಯ ಪ್ರಶ್ನೆ. ಸರಪಳಿಯನ್ನು ಎಲ್ಲಿ ತುಂಡರಿಸಿದರೂ ಬರುವ ಬೆಲೆಗಳು ಮುಂದೆ ಮುಂದೆ ಹೋದಂತೆ ಯಾವ ಸಂಖ್ಯೆಯನ್ನು ಸಮೀಪಿಸುತ್ತವೆ ಎಂದು ನೋಡಬೇಕು. ಅವು 3ನ್ನು ಸಮೀಪಿಸುತ್ತವೆ, 4ನ್ನಲ್ಲ. ರಾಮಾನುಜನ್ ಕೊಟ್ಟ ಉತ್ತರದಲ್ಲಿ ಈ ಭಾಗ ಇರಲಿಲ್ಲ. ಇಂಥ ವರ್ಗಮೂಲಗಳ ಸರಪಳಿ ಯಾವಾಗ ಒಂದು ಬೆಲೆಗೆ ಬಂದು ನಿಲ್ಲುತ್ತದೆ ಎಂಬುದಕ್ಕೆ ಮುಂದೆ ಟಿ. ವಿಜಯರಾಘವನ್ ನಿಯಮ ಕೊಟ್ಟರು. ಉತ್ತರ ಸರಿ, ಕಾರಣ ಅರೆ: ರಾಮಾನುಜನ್‌ಗೆ ಒಬ್ಬ ಮಾರ್ಗದರ್ಶಕರು ಏಕೆ ಬೇಕಾಗಿದ್ದರು ಎಂಬುದು ಈ ಒಂದು ಲೆಕ್ಕದಲ್ಲೇ ಗೊತ್ತಾಗುತ್ತದೆ.

ಆ ಹೊತ್ತಿಗೆ ಅವರಿಗೆ ಮದುವೆಯಾಗಿತ್ತು (1909, ಪತ್ನಿ ಜಾನಕಿ). ನೆಲ್ಲೂರಿನ ಕಲೆಕ್ಟರ್ ರಾಮಚಂದ್ರರಾಯರು ತಿಂಗಳಿಗೆ 25 ರೂಪಾಯಿ ಕೊಡುತ್ತಿದ್ದರು; ದಾನದ ಹಣದಲ್ಲಿ ಬದುಕುವುದು ರಾಮಾನುಜನ್‌ಗೆ ಇಷ್ಟವಾಗಲಿಲ್ಲ. 1912ರ ಮಾರ್ಚ್ 1ರಂದು ಮದರಾಸು ಬಂದರು ಮಂಡಳಿಯ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾದರು. ಅಲ್ಲಿನ ಮೇಲಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು, ಮಂಡಳಿಯ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಜಿನಿಯರ್. ಇವರ ಪರಿಚಯಸ್ಥರ ಮೂಲಕ ಕಾಗದಗಳು ಲಂಡನ್ನಿನ ಪ್ರಾಧ್ಯಾಪಕ ಹಿಲ್ ಅವರಿಗೆ ಹೋದವು. ಅವರು ಅಪಸರಣ ಶ್ರೇಣಿಗಳ ಗುಂಡಿಯಲ್ಲಿ ಈತ ಬಿದ್ದಿದ್ದಾನೆಂದು ಕಂಡು, ಓದಬೇಕಾದ ಪುಸ್ತಕವನ್ನು ಸೂಚಿಸಿದರು. ತಪ್ಪು ಸಲಹೆಯೇನಲ್ಲ, ಆದರೆ ಅಷ್ಟಕ್ಕೇ ನಿಂತಿತು. 1913ರ ಜನವರಿ 16ರಂದು ರಾಮಾನುಜನ್ ಕೇಂಬ್ರಿಜ್‌ನ ಜಿ. ಎಚ್. ಹಾರ್ಡಿಯವರಿಗೆ ಬರೆದರು. ಫೆಬ್ರವರಿ 8ರಂದು ಹಾರ್ಡಿ ಉತ್ತರ ಬರೆದರು, ಸಾಧನೆಗಳನ್ನು ಕೇಳಿದರು.

ಮುಂದಿನ ಎರಡು ತಿಂಗಳನ್ನು ಕಡತಗಳ ಕಣ್ಣಿನಿಂದ ನೋಡಬೇಕು. ಫೆಬ್ರವರಿ 25ರಂದು ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಬಂದರಿಗೆ ಭೇಟಿ ಕೊಟ್ಟರು. ಅವರು ಹಿಂದೆ ಟ್ರಿನಿಟಿ ಕಾಲೇಜಿನ ಫೆಲೊ. ಸ್ಪ್ರಿಂಗ್ ಅವರಿಗೆ ರಾಮಾನುಜನ್ನರ ನೋಟ್‌ಪುಸ್ತಕ ತೋರಿಸಿದರು. ಮರುದಿನವೇ ವಾಕರ್ ಮದರಾಸು ವಿಶ್ವವಿದ್ಯಾಲಯದ ರಿಜಿಸ್ಟ್ರಾರರಿಗೆ ಪತ್ರ ಬರೆದು, ಈತನನ್ನು ಕೆಲವು ವರ್ಷ ಗಣಿತದಲ್ಲೇ ಇರಿಸಬೇಕೆಂದು ಶಿಫಾರಸು ಮಾಡಿದರು. ಮಾರ್ಚ್ 19ರಂದು ಗಣಿತದ ಅಧ್ಯಯನ ಮಂಡಳಿ ಸೇರಿ, ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷ ಕೊಡಬಹುದೆಂದಿತು. ಏಪ್ರಿಲ್ 7ರಂದು ವಿಷಯ ಸಿಂಡಿಕೇಟಿನ ಮುಂದೆ ಬಂತು. ಅಲ್ಲಿ ತೊಡಕು. ಸಂಶೋಧನಾ ವಿದ್ಯಾರ್ಥಿವೇತನ ಎಂ.ಎ. ಆದವರಿಗೆ ಮಾತ್ರ. ಇವರೋ ಎಫ್.ಎ. ಕೂಡ ದಾಟದವರು. ಕುಲಪತಿ ಸ್ಥಾನದಲ್ಲಿದ್ದ ನ್ಯಾಯಮೂರ್ತಿ ಪಿ. ಆರ್. ಸುಂದರಮ್ ಅಯ್ಯರ್, ವಿಶ್ವವಿದ್ಯಾಲಯವನ್ನು ಕಟ್ಟಿದ ಶಾಸನದಲ್ಲೇ ಸಂಶೋಧನೆಗೆ ಪ್ರೋತ್ಸಾಹ ಕೊಡುವುದು ಒಂದು ಉದ್ದೇಶವೆಂದು ಹೇಳಿದೆ, ನಿಯಮ ಅದಕ್ಕೆ ಅಡ್ಡ ಬರಬಾರದು ಎಂಬ ವಾದ ಮುಂದಿಟ್ಟರೆಂದು ಆ ಕಾಲದವರು ದಾಖಲಿಸಿದ್ದಾರೆ. ಮಂಜೂರಾಯಿತು. ಮೇ 1ರಿಂದ ರಾಮಾನುಜನ್ ಮದರಾಸು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ಬಂದರು ಕಚೇರಿಯಿಂದ ಸಂಬಳವಿಲ್ಲದ ರಜೆ.

ನಿಯಮ ಸಡಿಲಿಸಿದರು, ಆದರೆ ಲೆಕ್ಕ ಕೇಳುವುದನ್ನು ಬಿಡಲಿಲ್ಲ. ಮೂರು ತಿಂಗಳಿಗೊಂದು ವರದಿ ಕೊಡಬೇಕೆಂಬ ಷರತ್ತು ಹಾಕಿದರು. ರಾಮಾನುಜನ್ ಮೂರು ವರದಿ ಕೊಟ್ಟರು. ಮೊದಲನೆಯದು 1913ರ ಆಗಸ್ಟ್ 5ರದು. ಇಂದು ಅವರ ಪ್ರಧಾನ ಪ್ರಮೇಯವೆಂದು ಗಣಿತಜ್ಞರು ಕರೆಯುವ ಫಲಿತಾಂಶ ಇರುವುದು ಆ ಕಚೇರಿ ವರದಿಯಲ್ಲಿಯೇ. ತ್ರೈಮಾಸಿಕ ವರದಿ ಎಂದರೆ ಮೂಗು ಮುರಿಯುವವರು ಇದನ್ನು ಗಮನಿಸಬಹುದು.

ಮದರಾಸಿನಲ್ಲಿ ವೇತನವಿತ್ತು, ಗ್ರಂಥಾಲಯವಿತ್ತು, ಪ್ರೀತಿಸುವ ಹಿರಿಯರಿದ್ದರು. ಅವರ ಗಣಿತವನ್ನು ತೂಗಿ ನೋಡಬಲ್ಲವರು ಇರಲಿಲ್ಲ. ಹಾರ್ಡಿ 1913ರಲ್ಲೇ ಕರೆದಿದ್ದರು. ಸಮುದ್ರ ದಾಟುವುದಕ್ಕೆ ಮನೆಯವರು, ಸಂಪ್ರದಾಯ ಒಪ್ಪದೆ ರಾಮಾನುಜನ್ ಬರುವುದಿಲ್ಲವೆಂದಿದ್ದರು. 1914ರ ಜನವರಿಯಲ್ಲಿ ಉಪನ್ಯಾಸಕ್ಕೆಂದು ಮದರಾಸಿಗೆ ಬಂದ ಇ. ಎಚ್. ನೆವಿಲ್ ಮತ್ತೆ ಕೇಳಿದಾಗ ಮನಸ್ಸು ಬದಲಾಗಿತ್ತು. ನೆವಿಲ್ ರಿಜಿಸ್ಟ್ರಾರರಿಗೆ ಬರೆದರು, ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಲಿಟಲ್‌ಹೇಲ್ಸ್ ಬರೆದರು, ಸ್ಪ್ರಿಂಗ್ ಗವರ್ನರರ ಕಚೇರಿಗೆ ಬರೆದರು. ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡು, ಜೊತೆಗೆ ಪ್ರಯಾಣದ ಮತ್ತು ಉಡುಪಿನ ಖರ್ಚು ಮಂಜೂರು ಮಾಡಿತು. ಅದರಲ್ಲಿ ತಿಂಗಳಿಗೆ 60 ರೂಪಾಯಿ ಊರಿನಲ್ಲಿ ಮನೆಗೆ ತಲುಪುವಂತೆ ಏರ್ಪಾಡಾಯಿತು.

ಇದು ಸಣ್ಣ ಮಾತಲ್ಲ. ತಾನು ನಿಯಮ ಸಡಿಲಿಸಿ ಸೇರಿಸಿಕೊಂಡ ಸಂಶೋಧಕನನ್ನು ಒಂದು ವರ್ಷವೂ ತುಂಬುವ ಮೊದಲೇ ಬೇರೆಡೆಗೆ ಬಿಟ್ಟುಕೊಡುವುದು, ಅದೂ ತನ್ನದೇ ಹಣದಲ್ಲಿ, ಇಂದಿನ ಯಾವ ಸಂಸ್ಥೆಗೂ ಸುಲಭವಲ್ಲ. ಈಗ ಪಿಎಚ್.ಡಿ. ನಡುವೆ ವಿಶ್ವವಿದ್ಯಾಲಯ ಬದಲಿಸಬೇಕಾದವರು ನಿರಾಕ್ಷೇಪಣಾ ಪತ್ರಕ್ಕೆ, ಮಾರ್ಗದರ್ಶಕರ ಒಪ್ಪಿಗೆಗೆ, ಕೋರ್ಸ್‌ವರ್ಕ್ ಮಾನ್ಯತೆಗೆ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ಕಂಡಿದ್ದೇವೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ, ಮದುವೆ ಅಥವಾ ಬೇರೆ ಕಾರಣದಿಂದ ಊರು ಬಿಡಬೇಕಾದ ಸಂಶೋಧಕಿಯರು ತಾವು ಸಂಗ್ರಹಿಸಿದ ಸಂಶೋಧನಾ ದತ್ತಾಂಶವನ್ನು ಹೊಸ ಸಂಸ್ಥೆಗೆ ಒಯ್ಯಲು ಅವಕಾಶವಿದೆ. ಆದರೆ ಅದು ಹಳೆಯ ಸಂಸ್ಥೆಗೋ ಮಾರ್ಗದರ್ಶಕರಿಗೋ ಮಂಜೂರಾದ ಧನಸಹಾಯದ ಯೋಜನೆಗೆ ಸೇರಿದ್ದಾಗಿರಬಾರದು, ಮತ್ತು ಆವರೆಗಿನ ಕೆಲಸದ ಮನ್ನಣೆಯನ್ನು ಅವರಿಗೆ ಸಲ್ಲಿಸಬೇಕು. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಮುಂದೆ ಸಂಶೋಧನೆಗೆ ಹೋಗುವವರು ಈ ಸಾಲನ್ನು ತಿಳಿದಿರಲಿ.

1914ರ ಮಾರ್ಚ್ 17ರಂದು ಹಡಗು ಹೊರಟಿತು. ಅದಕ್ಕೆ ಮೊದಲು ಜುಟ್ಟು ತೆಗೆಸಿದ್ದರು, ಕೋಟು ಷರಾಯಿ ಹೊಲಿಸಿದ್ದರು. ಆ ವೇಷದಲ್ಲಿ ತಾಯಿ ಮತ್ತು ಹೆಂಡತಿ ತಮ್ಮನ್ನು ನೋಡಬಾರದೆಂದು ಅವರಿಬ್ಬರನ್ನೂ ಮುಂಚೆಯೇ ಕುಂಭಕೋಣಕ್ಕೆ ಕಳಿಸಿದ್ದರು.

ಕೇಂಬ್ರಿಜ್‌ನಲ್ಲೂ ಅರ್ಹತೆಯ ಪ್ರಶ್ನೆ ಇತ್ತು. ಅಲ್ಲಿಯೂ ಅದನ್ನು ಬದಿಗಿಟ್ಟು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿಸಿಕೊಂಡರು. ಟ್ರಿನಿಟಿ ಕಾಲೇಜು ತನ್ನ ಪಾಲಿಗೆ ವರ್ಷಕ್ಕೆ 60 ಪೌಂಡು ಸೇರಿಸಿತು. ಹಾರ್ಡಿಯವರ ಮುಂದೆ ಈಗ ನಿಜವಾದ ಶಿಕ್ಷಕನ ಸಮಸ್ಯೆ ಬಂತು. ಎದುರಿಗೆ ಕೂತಿರುವ ಇಪ್ಪತ್ತಾರು ವರ್ಷದ ಶಿಷ್ಯನಿಗೆ ಕೆಲವು ವಿಷಯಗಳು ಜಗತ್ತಿನಲ್ಲಿ ಯಾರಿಗೂ ತಿಳಿಯದಷ್ಟು ತಿಳಿದಿವೆ. ಎರಡನೆಯ ವರ್ಷದ ಬಿ.ಎ. ಹುಡುಗನಿಗೆ ಗೊತ್ತಿರುವ ಸಮ್ಮಿಶ್ರ ಚರದ ಫಲನಗಳ ಗಂಧವಿಲ್ಲ. ಸಾಧನೆ ಎಂದರೇನು ಎಂಬ ಕಲ್ಪನೆ ಮಸುಕು. ಎಲ್ಲವನ್ನೂ ಮೊದಲಿನಿಂದ ಕ್ರಮವಾಗಿ ಕಲಿಸಲು ಹೊರಟರೆ ಆತ್ಮವಿಶ್ವಾಸ ಕುಸಿದು, ಹೊಸದನ್ನು ಕಾಣುವ ಕಣ್ಣೇ ಮಂಕಾದೀತು. ಏನೂ ಕಲಿಸದಿದ್ದರೆ ಅಚ್ಚಾಗುವ ಪ್ರತಿ ಫಲಿತಾಂಶದಲ್ಲೂ ತಪ್ಪು ನುಸುಳೀತು. ಲಿಟಲ್‌ವುಡ್ ಕೆಲವು ವಿಷಯಗಳನ್ನು ಕಲಿಸಲು ಕೂತರು. ಒಂದು ಅಂಶ ಹೇಳಿದರೆ ಶಿಷ್ಯರಿಂದ ಹತ್ತು ಹೊಸ ವಿಚಾರಗಳು ಉಕ್ಕಿ ಬಂದು ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಯುದ್ಧ ಬಂದ ಮೇಲೆ ಲಿಟಲ್‌ವುಡ್ ಸೇನೆಯ ಕೆಲಸಕ್ಕೆ ಹೋದರು. ಹಾರ್ಡಿ ನಡುದಾರಿ ಹಿಡಿದರು. ಪಾಠ ಮಾಡುವುದರ ಬದಲು ಜೊತೆಯಲ್ಲಿ ಕೂತು ಲೆಕ್ಕ ಮಾಡಿದರು. ಆಗ ಆಗ ಬೇಕಾದದ್ದನ್ನು ಮಾತ್ರ ಹೇಳಿಕೊಟ್ಟರು. ಇದನ್ನು ಪಾಠಯೋಜನೆಯ ಐದು ಹಂತಗಳಲ್ಲಿ ಎಲ್ಲಿ ಬರೆಯುವುದೋ ನನಗೆ ತಿಳಿಯದು, ಆದರೆ ಬೋಧನೆ ಇದೇ.

1916ರ ಮಾರ್ಚ್ 16ರಂದು ಸಂಶೋಧನೆಯ ಆಧಾರದ ಮೇಲೆ ರಾಮಾನುಜನ್‌ಗೆ ಬಿ.ಎ. ಪದವಿ ಬಂತು. ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಇನ್ನೂ ಹುಟ್ಟಿರಲಿಲ್ಲ, ಅದರ ಸ್ಥಾನದಲ್ಲಿದ್ದದ್ದು ಇದೇ. ಪ್ರಬಂಧದ ಮುಖ್ಯ ವಿಷಯ 1915ರಲ್ಲಿ ಅಚ್ಚಾಗಿದ್ದ ಉನ್ನತ ಸಂಯುಕ್ತ ಸಂಖ್ಯೆಗಳು: ತನಗಿಂತ ಚಿಕ್ಕ ಯಾವ ಸಂಖ್ಯೆಗೂ ಇಲ್ಲದಷ್ಟು ಅಪವರ್ತನಗಳಿರುವ ಸಂಖ್ಯೆ. 1, 2, 4, 6, 12, 24, 36, 48, 60, 120 ಹೀಗೆ. ಆರನೆಯ ತರಗತಿಯ ಅಪವರ್ತನಗಳ ಪಾಠಕ್ಕೆ ಇದು ಹೇಳಿ ಮಾಡಿಸಿದ ಚಟುವಟಿಕೆ. 12ಕ್ಕೆ ಆರು ಅಪವರ್ತನ, 60ಕ್ಕೆ ಹನ್ನೆರಡು. ಡಜನ್ ಏಕೆ ಹನ್ನೆರಡು, ದಿನಕ್ಕೆ ಗಳಿಗೆ ಏಕೆ ಅರವತ್ತು ಎಂದು ಮಕ್ಕಳೇ ಊಹಿಸಲಿ. ಅದೇ ಗುಂಪಿಗೆ ರೂಪಾಯಿಯ ಹದಿನಾರಾಣೆ ಸೇರುವುದಿಲ್ಲ, 16ಕ್ಕೆ ಐದೇ ಅಪವರ್ತನ, ಎಂದು ಯಾರಾದರೂ ಕಂಡುಹಿಡಿದರೆ ಇನ್ನೂ ಒಳ್ಳೆಯದು.

1918ರಲ್ಲಿ ಹಾರ್ಡಿಯವರೊಂದಿಗೆ ಬರೆದ ವಿಭಜನೆಗಳ ಲೇಖನ ಬಂತು. 4ನ್ನು ಕೂಡುವಿಕೆಯಾಗಿ ಐದು ಬಗೆಯಲ್ಲಿ ಒಡೆಯಬಹುದು. 200ನ್ನು 39,72,99,90,29,388 ಬಗೆಯಲ್ಲಿ. ಈ ಸಂಖ್ಯೆಯನ್ನು ಮ್ಯಾಕ್‌ಮಹೊನ್ ಕೈಯಲ್ಲೇ ಲೆಕ್ಕ ಹಾಕಿದ್ದರು. ಇವರಿಬ್ಬರ ಸೂತ್ರ ಅದಕ್ಕೆ ತಾಳೆಯಾಯಿತು. ಶಿಷ್ಯರ ಕಾಣ್ಕೆ, ಗುರುಗಳ ಸಾಧನೆ ಎರಡೂ ಸೇರದೆ ಆಗುವ ಕೆಲಸ ಅದಲ್ಲ.

ಸ್ಥಳಾಂತರದ ಖರ್ಚಿನ ಪುಟವೂ ಇದೆ. ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ಯುದ್ಧದ ಕಾಲದಲ್ಲಿ ತರಕಾರಿ ಸಿಗುವುದೇ ಕಷ್ಟ. ಚಳಿ, ಒಂಟಿತನ, ಹೊತ್ತಿಲ್ಲದ ಹೊತ್ತಿನ ಊಟ. 1917ರಲ್ಲಿ ಹಾಸಿಗೆ ಹಿಡಿದರು, ಅಲ್ಲಿಂದ ಆರೋಗ್ಯಧಾಮಗಳೇ ಮನೆಯಾದವು. ಗೌರವಗಳು ಬಂದದ್ದು ಆ ಹಾಸಿಗೆಗೆ: 1918ರಲ್ಲಿ ರಾಯಲ್ ಸೊಸೈಟಿಯ ಫೆಲೊ, ಅದೇ ವರ್ಷ ಟ್ರಿನಿಟಿಯ ಫೆಲೊ. ಮದರಾಸು ವಿಶ್ವವಿದ್ಯಾಲಯ ಅವರು ಮರಳಿದ ಮೇಲೆ ಐದು ವರ್ಷ, ವರ್ಷಕ್ಕೆ 250 ಪೌಂಡು ಕೊಡುವುದಾಗಿ ಗೊತ್ತು ಮಾಡಿತು. 1919ರ ಏಪ್ರಿಲ್‌ನಲ್ಲಿ ಮದರಾಸು ತಲುಪಿದರು. 1920ರ ಜನವರಿಯಲ್ಲಿ ಹಾರ್ಡಿಯವರಿಗೆ ಬರೆದ ಕೊನೆಯ ಪತ್ರದಲ್ಲಿ ತಾವು ಕಂಡ ಹೊಸ ಬಗೆಯ ಫಲನಗಳನ್ನು ವಿವರಿಸಿದರು. ಏಪ್ರಿಲ್ 26ರಂದು ಚೆಟ್‌ಪೇಟೆಯ ಮನೆಯಲ್ಲಿ ತೀರಿಕೊಂಡರು. ವಯಸ್ಸು 32. ಜಾನಕಿಯಮ್ಮನವರು ಹೊಲಿಗೆ ಕಲಿತು, ಅದರಲ್ಲಿ ಜೀವನ ನಡೆಸಿ, 1994ರವರೆಗೆ ಬದುಕಿದ್ದರು.

ರಾಮಾನುಜನ್ನರನ್ನು ಕಂಡವರ ನೆನಪುಗಳನ್ನು ಸಂಗ್ರಹಿಸಿದ ಎಸ್. ಆರ್. ರಂಗನಾಥನ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು, ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದವರು. ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. ಕೇಂಬ್ರಿಜ್‌ನಲ್ಲಿ ರಾಮಾನುಜನ್ನರ ಅಡುಗೆಯನ್ನು ಉಂಡ ಗೆಳೆಯರಲ್ಲಿ ಪಿ. ಸಿ. ಮಹಲನೋಬಿಸ್ ಒಬ್ಬರು. ಅವರು ಮುಂದೆ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಗೆ 1941ರಲ್ಲಿ, ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿ ಒಬ್ಬ ಯುವಕ ಬಂದು ಸೇರಿದ. ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಮಾಡಿದ. 1946ರಲ್ಲಿ ಮಹಲನೋಬಿಸ್ ಅವನನ್ನು ಕೇಂಬ್ರಿಜ್‌ಗೆ ಕಳಿಸಿದರು, 1948ರಲ್ಲಿ ಆರ್. ಎ. ಫಿಷರ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಆಯಿತು. ಅವರೇ ಸಿ. ಆರ್. ರಾವ್. ಹುಟ್ಟಿದ್ದು ರಾಮಾನುಜನ್ ತೀರಿಕೊಂಡ ವರ್ಷದ ಸೆಪ್ಟೆಂಬರ್ 10ರಂದು, ನಮ್ಮ ಹೂವಿನಹಡಗಲಿಯಲ್ಲಿ.